ವೀರ್ಯದಾನವೂ ಹುಟ್ಟಿದ ಮಗುವಿನ ಹಕ್ಕೂ

ಮಕ್ಕಳಿಲ್ಲದ ಮನೆಯ ದುಃಖವನ್ನು ನಮ್ಮ ವಾಚಕರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಅಶ್ವತ್ಥಪ್ರದಕ್ಷಿಣೆ, ನಾಗಪ್ರತಿಷ್ಠೆ, ವ್ರತ, ಹರಕೆ ಇವೆಲ್ಲವೂ ಮುಗಿದ ಮೇಲೆ ಊರಿನವರ ನಾಲಿಗೆಯು ಆ ಮನೆಯ ಸೊಸೆಯ ಮೇಲೆಯೇ ಹರಿಯುವುದು. ಬಂಜೆಯೆಂಬ ಕಠೋರವಾದ ಮಾತು ನಮ್ಮ ಭಾಷೆಯಲ್ಲುಂಟು. ಗಂಡಸಿಗೆ ಸಲ್ಲುವ ಅದರ ಜೊತೆಯ ಮಾತು ಆಡುನುಡಿಯಲ್ಲಿ ಇಲ್ಲವೆಂದೇ ಹೇಳಬೇಕು. ವೈದ್ಯಶಾಸ್ತ್ರವಾದರೋ ಈ ಪಕ್ಷಪಾತವನ್ನು ಒಪ್ಪುವುದಿಲ್ಲ. ದೋಷವು ಹೆಂಡತಿಯಲ್ಲಿರಬಹುದು, ಗಂಡನಲ್ಲಿರಬಹುದು, ಇಬ್ಬರಲ್ಲಿಯೂ ಇರಬಹುದು. ಗಂಡನ ವೀರ್ಯದಲ್ಲಿ ಜೀವಾಣುಗಳೇ ಇಲ್ಲದೆ, ಬೇರೆ ಚಿಕಿತ್ಸೆಗಳೂ ಫಲಿಸದೆ ಹೋದಾಗ, ಇನ್ನೊಬ್ಬ ಪುರುಷನು ದಾನವಾಗಿ ಕೊಟ್ಟ ವೀರ್ಯದಿಂದ ಗರ್ಭಧಾರಣೆ ಮಾಡಿಸುವ ಪದ್ಧತಿಯು ಈಗ ಲೋಕದ ನಾನಾ ದೇಶಗಳಲ್ಲಿಯೂ ನಮ್ಮ ದೇಶದಲ್ಲಿಯೂ ನಡೆಯುತ್ತಲಿದೆ.

ಈ ವಿಷಯವನ್ನು ಪತ್ರಿಕೆಯಲ್ಲಿ ಎತ್ತಬಹುದೇ ಎಂದು ಸಂಕೋಚಪಡುವ ಮಹನೀಯರೂ ಇದ್ದಾರು. ಆದರೆ ದೇಶದ ಶಾಸನಸಭೆಯು ಚರ್ಚಿಸಿ ಕಾಯಿದೆ ಮಾಡಿದ ವಿಷಯವನ್ನು ಗೃಹಸ್ಥರು ಪಿಸುಮಾತಿನಲ್ಲಿ ಮಾತ್ರ ಆಡತಕ್ಕದ್ದೆಂಬುದು ನ್ಯಾಯವಲ್ಲ. ಈ ಪಿಸುಮಾತಿನ ಸ್ವಭಾವವೇ ನಮ್ಮ ಇಂದಿನ ಲೇಖನದ ವಿಷಯ.

ಈ ಚಿಕಿತ್ಸೆಯು ಗುಟ್ಟಿನಲ್ಲಿಯೇ ಹುಟ್ಟಿತು. 1884ರಲ್ಲಿ ಅಮೆರಿಕಾ ದೇಶದ ಫಿಲಡೆಲ್ಫಿಯಾ ನಗರದಲ್ಲಿ ವಿಲಿಯಂ ಪ್ಯಾಂಕೋಸ್ಟ್ ಎಂಬ ವೈದ್ಯಕೀಯ ಪ್ರಾಧ್ಯಾಪಕರಲ್ಲಿಗೆ ವರ್ತಕನೊಬ್ಬನೂ ಅವನ ಪತ್ನಿಯೂ ಮಕ್ಕಳಿಲ್ಲವೆಂದು ಬಂದರು. ಪತ್ನಿಯನ್ನು ಬಹುಪರಿಯಾಗಿ ಪರೀಕ್ಷಿಸಿದ ಬಳಿಕ ದೋಷವು ಗಂಡನದೆಂದು ತಿಳಿಯಿತು. ಪ್ರಾಧ್ಯಾಪಕರು ಆಕೆಯನ್ನು ಕ್ಲೋರೋಫಾರ್ಮಿನಿಂದ ಮೈಮರೆಯಿಸಿ, ತಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬನ ವೀರ್ಯವನ್ನು ಗರ್ಭಕ್ಕೆ ಸೇರಿಸಿದರು. ಗರ್ಭ ನಿಂತ ಮೇಲೆ ಗಂಡನಿಗೆ ಹೇಳಿದರು. ಅವನು ಸಂತೋಷಪಟ್ಟು, ಹೆಂಡತಿಗೆ ಮಾತ್ರ ತಿಳಿಸಕೂಡದೆಂದು ಕೇಳಿಕೊಂಡನು. ಅಲ್ಲಿದ್ದ ವಿದ್ಯಾರ್ಥಿಗಳಲ್ಲೊಬ್ಬರಾದ ಆಡಿಸನ್ ಡೇವಿಸ್ ಹಾರ್ಡ್ ಎಂಬವರು 1909ರಲ್ಲಿ ವೈದ್ಯಪತ್ರಿಕೆಯೊಂದಕ್ಕೆ ಬರೆದಾಗಲೇ ಲೋಕಕ್ಕೆ ಇದರ ಸುದ್ದಿ ತಿಳಿದದ್ದು. ತನ್ನ ಗರ್ಭದ ಸಂಗತಿಯನ್ನು ತಾನೇ ಅರಿಯದ ತಾಯಿ! ಆಕೆಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಇಂದು ಅಂಥ ಕಾರ್ಯವು ಅಪರಾಧವೆಂಬುದರಲ್ಲಿ ಸಂದೇಹವಿಲ್ಲ.

ಈಗಿನ ಕ್ರಮವು ಬೇರೆ. ದಾನಿಯ ವೀರ್ಯವನ್ನು ವೀರ್ಯಬ್ಯಾಂಕಿನವರು ಪಡೆದು, ಅವನಿಗೆ ಎಚ್‌ಐವಿ, ಕಾಮಾಲೆಯನ್ನುಂಟುಮಾಡುವ ಬಿ ಮತ್ತು ಸಿ ವಿಷಾಣುಗಳು, ಪರಂಗಿರೋಗ ಮುಂತಾದವು ಇಲ್ಲವೆಂದು ಪರೀಕ್ಷಿಸಬೇಕು. ಬಳಿಕ ಅದನ್ನು ದ್ರವರೂಪದ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾಪಾಡುವರು. ಹೀಗೆ ಹೆಪ್ಪುಗಟ್ಟಿಸಿದ ವೀರ್ಯದಿಂದಲೂ ಗರ್ಭ ನಿಲ್ಲುವುದೆಂದು 1953ರಲ್ಲಿ ಅಮೆರಿಕಾದ ಅಯೋವಾದಲ್ಲಿ ಸಿದ್ಧವಾಯಿತು. ಸ್ತ್ರೀಯ ಅಂಡವು ಬಿಡುಗಡೆಯಾಗುವ ಸಮಯವನ್ನು ನೋಡಿ, ಶುದ್ಧಿಮಾಡಿದ ವೀರ್ಯವನ್ನು ಸಣ್ಣ ಕೊಳವೆಯ ಮೂಲಕ ಗರ್ಭಾಶಯಕ್ಕೆ ಸೇರಿಸುವರು. ಒಂದೇ ಸಲಕ್ಕೆ ಫಲವಾಗುವುದೆಂಬ ಭರವಸೆಯಿಲ್ಲ. 1992ರಿಂದ ಈಚೆಗೆ, ಒಂದೇ ಜೀವಾಣುವನ್ನು ಅಂಡದೊಳಕ್ಕೆ ಚುಚ್ಚಿ ಸೇರಿಸುವ ವಿದ್ಯೆಯು ಬಂದುದರಿಂದ, ಅಲ್ಪಸ್ವಲ್ಪ ಜೀವಾಣುಗಳುಳ್ಳ ಗಂಡಂದಿರು ಅನೇಕರಿಗೆ ಪರರ ದಾನವೇ ಬೇಕಾಗದು. ಆದುದರಿಂದ ಗಂಡನ ಪರೀಕ್ಷೆಯು ಮೊದಲು ಸರಿಯಾಗಿ ಆಗತಕ್ಕದ್ದು.

ನಮ್ಮ ದೇಶದಲ್ಲಿ ಬಹುಕಾಲ ಇದಕ್ಕೆ ಕಟ್ಟುಪಾಡಿನ ಶಾಸನವಿರಲಿಲ್ಲ. 2021ರಲ್ಲಿ ಪಾರ್ಲಿಮೆಂಟು ಸಂತಾನಸಹಾಯಕ ವಿದ್ಯೆಗಳನ್ನು ನಿಯಂತ್ರಿಸುವ ಕಾಯಿದೆಯನ್ನು ಮಾಡಿತು. 2022ರ ಜನವರಿ 25ರಿಂದ ಅದು ಜಾರಿಗೆ ಬಂದಿದೆ. ಇದರಲ್ಲಿ ಮೆಚ್ಚತಕ್ಕ ಅಂಶಗಳು ಹಲವು. ವೀರ್ಯದಾನಿಯು 21ರಿಂದ 55 ವರ್ಷದೊಳಗಿನವನಾಗಿರಬೇಕು. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡಕೂಡದು. ಈ ಕಟ್ಟಳೆಯ ಬೆಲೆಯನ್ನು ಅರಿಯಬೇಕಾದರೆ ನೆದರ್ಲೆಂಡ್ಸ್ ದೇಶದ ಕಡೆಗೆ ನೋಡಬೇಕು. ಅಲ್ಲಿ ಒಬ್ಬನೇ ದಾನಿಯಿಂದ 550ಕ್ಕೂ ಹೆಚ್ಚು ಮಕ್ಕಳು ಹುಟ್ಟಿದುದನ್ನು ಕಂಡು, ಇನ್ನು ಮುಂದೆ ಅವನು ದಾನಮಾಡಕೂಡದೆಂದು 2023ರಲ್ಲಿ ಹೇಗ್ ನಗರದ ನ್ಯಾಯಾಲಯವು ಆಜ್ಞೆ ಮಾಡಬೇಕಾಯಿತು. ಒಡಹುಟ್ಟಿದವರೆಂದು ಅರಿಯದೆ ಅಣ್ಣತಂಗಿಯರು ಮದುವೆಯಾದಾರೆಂಬ ಭಯವು ಅಲ್ಲಿ ಕಟ್ಟುಕಥೆಯಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಮಗುವಿನ ಸ್ಥಾನ. ಹೀಗೆ ಹುಟ್ಟಿದ ಮಗುವು ಚಿಕಿತ್ಸೆ ಪಡೆದ ದಂಪತಿಗಳದೇ ಸ್ವಂತ ಸಂತಾನವೆಂದೂ, ಸಹಜವಾಗಿ ಹುಟ್ಟಿದ ಮಗುವಿಗಿರುವ ಸಕಲ ಹಕ್ಕುಗಳೂ ಅದಕ್ಕೆ ಸಲ್ಲುವುವೆಂದೂ, ದಾನಿಗೆ ಅದರ ಮೇಲೆ ಪಿತೃತ್ವದ ಯಾವ ಅಧಿಕಾರವೂ ಇಲ್ಲವೆಂದೂ ಕಾಯಿದೆಯು ಸ್ಪಷ್ಟವಾಗಿ ಹೇಳುತ್ತದೆ. ಇನ್ನು ದಾಯಾದಿಗಳು ಆಸ್ತಿಯ ವಿಷಯದಲ್ಲಿ ಇದನ್ನೇ ನೆಪಮಾಡಿಕೊಂಡು ಮಗುವಿನ ಬಾಯಿಗೆ ಮಣ್ಣು ಹಾಕಲಾರರು. ಇಷ್ಟನ್ನು ಮಾಡಿದ ಶಾಸನಕರ್ತರನ್ನು ನಾವು ಅಭಿನಂದಿಸುತ್ತೇವೆ.

ಆದರೆ ಒಂದು ಬಾಗಿಲನ್ನು ಅವರು ಮುಚ್ಚಿಯೇ ಬಿಟ್ಟಿದ್ದಾರೆ. ದಾನಿಯ ಹೆಸರು, ವಿಳಾಸ, ಆಧಾರ್ ಸಂಖ್ಯೆ ಇವನ್ನು ಬ್ಯಾಂಕಿನವರು ಬರೆದಿಡತಕ್ಕದ್ದು. ದಾಖಲೆಗಳನ್ನು ಕನಿಷ್ಠಪಕ್ಷ 10 ವರ್ಷ ಕಾಪಾಡಿ, ಆ ಮೇಲೆ ರಾಷ್ಟ್ರೀಯ ದಾಖಲೆಯ ಭಂಡಾರಕ್ಕೆ ಒಪ್ಪಿಸತಕ್ಕದ್ದು. ಚಿಕಿತ್ಸೆಯ ವಿವರವನ್ನು ಹೊರಗೆಡಹಲು, ಈ ಭಂಡಾರವನ್ನು ಬಿಟ್ಟರೆ, ಎರಡೇ ಸಂದರ್ಭಗಳುಂಟು: ವೈದ್ಯಕೀಯ ಸಂಕಟದಲ್ಲಿ ದಂಪತಿಗಳು ಕೇಳಿದಾಗ, ಇಲ್ಲವೆ ನ್ಯಾಯಾಲಯವು ಆಜ್ಞಾಪಿಸಿದಾಗ. ಪ್ರಾಯಕ್ಕೆ ಬಂದ ಮಗುವೇ ಬಂದು, ನನ್ನ ಹುಟ್ಟಿನ ಮೂಲವೇನೆಂದು ಕೇಳಿದರೆ ಉತ್ತರ ಹೇಳಬೇಕೆಂಬ ವಿಧಿಯನ್ನು ಈ ಕಾಯಿದೆಯಲ್ಲಿ ಕಾಣೆವು. ಸರಕಾರದ ಕಪಾಟು ಬಲ್ಲುದನ್ನು, ಅದು ಯಾರ ಮೈಯ ರಕ್ತಕ್ಕೆ ಸಂಬಂಧಿಸಿದುದೋ ಅವರೇ ಅರಿಯಕೂಡದೆಂಬುದು ಯಾವ ನೀತಿ?

ಸ್ವೀಡನ್ ದೇಶವು 1984ರಲ್ಲಿ ಕಾಯಿದೆ ಮಾಡಿ, ಮರುವರ್ಷದಿಂದ ಮಕ್ಕಳಿಗೆ ಈ ಹಕ್ಕನ್ನು ಕೊಟ್ಟಿತು. 2005ರ ಏಪ್ರಿಲ್ 1ರಿಂದ ಈಚೆಗೆ ದಾನಮಾಡಿದವರ ಗುರುತನ್ನು ಮಕ್ಕಳು 18 ವರ್ಷ ತುಂಬಿದ ಮೇಲೆ ಕೇಳಬಹುದೆಂದು ಬ್ರಿಟನ್ ವಿಧಿಸಿತು. ಅಲ್ಲಿಯೂ ದಾನಿಯ ಮೇಲೆ ಪಿತೃತ್ವದ ಹೊಣೆಯಿಲ್ಲ, ಆಸ್ತಿಯ ಹಕ್ಕಿಲ್ಲ; ತಿಳಿವಳಿಕೆಯ ಹಕ್ಕು ಮಾತ್ರ.

ಹೆಸರು ಹೊರಬೀಳುವುದೆಂದರೆ ದಾನಿಗಳು ಮುಂದೆ ಬರಲಾರರು, ಮನೆತನದ ಮಾನವು ಹೋದೀತು ಎಂದು ಆಕ್ಷೇಪಿಸುವರು. ಆಕ್ಷೇಪವು ಹಗುರವಾದುದಲ್ಲ. ಆದರೆ ಗುಟ್ಟು ನಿಲ್ಲುವ ಕಾಲವು ಮುಗಿಯಿತು. ಸ್ವಲ್ಪ ಎಂಜಲನ್ನು ಕಳುಹಿಸಿದರೆ ರಕ್ತಸಂಬಂಧವನ್ನು ತೋರಿಸಿಕೊಡುವ ಪರೀಕ್ಷೆಗಳು ಈಗ ಹಣಕ್ಕೆ ದೊರೆಯುತ್ತವೆ. ಇಂದು ಮುಚ್ಚಿಟ್ಟ ತಂದೆತಾಯಿಗಳ ಗುಟ್ಟು ನಾಳೆ ಯಾವುದೋ ಕಾಗದದ ಮೂಲಕ ಮಗನ ಕೈಗೆ ಬಂದರೆ, ಆಗ ಅವನಿಗಾಗುವ ವ್ಯಥೆಯು ಹುಟ್ಟಿನ ಸಂಗತಿಗಿಂತ ಹೆಚ್ಚಾಗಿ ಸುಳ್ಳಿನದು. ವೈದ್ಯನು ಮನೆತನದ ರೋಗಗಳನ್ನು ವಿಚಾರಿಸಿದಾಗ ಅಲ್ಲಿಯವರೆಗೆ ಅವನು ಕೊಟ್ಟ ಉತ್ತರವೂ ತಪ್ಪು.

ನಮ್ಮ ಪೂರ್ವಿಕರಿಗೆ ಈ ಪ್ರಶ್ನೆಯು ಹೊಸದಲ್ಲ. ನಿಯೋಗದಿಂದ ಹುಟ್ಟಿದ ಕ್ಷೇತ್ರಜನನ್ನು ಮನುಸ್ಮೃತಿಯು ಪುತ್ರರ ಗಣನೆಯಲ್ಲಿ ಸೇರಿಸಿದೆ; ಅದೇ ಸ್ಮೃತಿಯು ನಿಯೋಗವನ್ನು ನಿಂದಿಸಿಯೂ ಇದೆ; ಮುಂದೆ ಅದು ಕಲಿಯುಗದಲ್ಲಿ ವರ್ಜ್ಯವೆನಿಸಿತು. ಆ ಆಚಾರವನ್ನು ಮರಳಿ ತರಬೇಕೆಂದು ನಾವು ಹೇಳುತ್ತಿಲ್ಲ. ಇಂದಿನ ಚಿಕಿತ್ಸೆಯು ಅದಕ್ಕೆ ಸಮನೂ ಅಲ್ಲ. ಆದರೆ ಮಹಾಭಾರತದ ಒಂದು ಪಾಠವನ್ನು ಗಮನಿಸಬೇಕು. ಧೃತರಾಷ್ಟ್ರ ಪಾಂಡುಗಳು ವ್ಯಾಸರಿಂದ ಹುಟ್ಟಿದವರೆಂಬುದು ಸತ್ಯವತಿಗೂ ಭೀಷ್ಮನಿಗೂ ತಿಳಿದ ವಿಷಯ. ಪಾಂಡವರು ಪಾಂಡುವಿನ ಒಪ್ಪಿಗೆಯಿಂದಲೇ ಹುಟ್ಟಿದವರು. ಅವರು ಕುಲದ ಮಕ್ಕಳಾಗಿಯೇ ಬೆಳೆದರು. ಹುಟ್ಟನ್ನು ಮುಚ್ಚಿಟ್ಟುದು ಕರ್ಣನ ವಿಷಯದಲ್ಲಿ ಮಾತ್ರ. ಆ ಒಂದು ಮುಚ್ಚುಮರೆಗೆ ಅವನು ಆಯುಷ್ಯವಿಡೀ ತೆತ್ತ ಬೆಲೆಯನ್ನು ನೆನೆದು ಪಂಪನಿಂದ ಮೊದಲುಗೊಂಡು ನಮ್ಮ ಕವಿಗಳು ಮರುಗಿದ್ದಾರೆ. ಯುದ್ಧವು ಬಾಗಿಲಿಗೆ ಬಂದ ಮೇಲೆ ಕುಂತಿಯು ಹೇಳಿದ ಸತ್ಯವು ಯಾರನ್ನೂ ಉಳಿಸಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಪ್ರಾಯಕ್ಕೆ ಬಂದ ಸಂತಾನವು ಕೇಳಿದಾಗ ದಾನಿಯ ಆರೋಗ್ಯದ ವೃತ್ತಾಂತವನ್ನು ತಿಳಿಸುವ ವಿಧಿಯನ್ನು ಪಾರ್ಲಿಮೆಂಟು ಈ ಕಾಯಿದೆಗೆ ಸೇರಿಸಲಿ. ಇನ್ನು ಮುಂದೆ ದಾನಮಾಡುವವರ ಗುರುತನ್ನೂ, ಅವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದು, ಹಾಗೆಯೇ ದೊರೆಯುವಂತೆ ಮಾಡಲಿ. ಈ ಹಿಂದೆ ಗುಟ್ಟಿನ ಮಾತು ಪಡೆದು ಕೊಟ್ಟವರಿಗೆ ಮಾತು ತಪ್ಪುವುದು ಬೇಡ. ವೈದ್ಯರು ಚಿಕಿತ್ಸೆಗೆ ಮೊದಲು ಗಂಡಹೆಂಡಿರಿಬ್ಬರನ್ನೂ ಕೂಡಿಸಿಕೊಂಡು, ಮಗುವಿಗೆ ಯಾವಾಗ ಏನನ್ನು ಹೇಳುವಿರೆಂದು ಕೇಳಲಿ. ಗೃಹಸ್ಥರಲ್ಲಿ ನಮ್ಮ ಬಿನ್ನಹವು ಇನ್ನೂ ಸರಳವಾದುದು. ಮಗುವನ್ನು ಎತ್ತಿ ಆಡಿಸಿ, ಜ್ವರ ಬಂದ ರಾತ್ರಿ ಎಚ್ಚರವಿದ್ದು, ಅಕ್ಷರ ಕಲಿಸಿದವನೇ ತಂದೆ; ಅವನ ಸ್ಥಾನವನ್ನು ಯಾವ ದಾಖಲೆಯೂ ಕಸಿದುಕೊಳ್ಳಲಾರದು. ಅಂಥ ತಂದೆಗೆ ಸತ್ಯದಿಂದ ಭಯವೇಕೆ? ಹೇಳಲು ನಾಚುವ ಗಂಡನು, ಅಷ್ಟು ವರ್ಷ ಬಂಜೆಯೆಂಬ ಮಾತನ್ನು ತನ್ನ ಪಾಲಿಗೆ ಹೊತ್ತ ಹೆಂಡತಿಯ ಮುಖವನ್ನು ಒಮ್ಮೆ ನೋಡಲಿ.