ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಕ್ಕೆ ಬೆಲೆ ಎಷ್ಟು? ಹಳೇ ನಾಣ್ಯ ಕೊಳ್ಳುವ ಮುಂಚೆ ಇದನ್ನು ಓದಿ

ಚಿತ್ರದುರ್ಗ: ಭಾನುವಾರ ಚಂದ್ರವಳ್ಳಿಗೆ ಹೋಗುವವರು ಕೆರೆ ನೋಡ್ತಾರೆ, ಅಂಕಲಿ ಮಠದ ಗುಹೆ ಇಳಿದು ಬರ್ತಾರೆ, ಮಂಡಕ್ಕಿ ತಿಂದು ಮನೆಗೆ ಹೊರಡ್ತಾರೆ. ಅದೇ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವ ಇಲಾಖೆಯ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದಾಗ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಒಂದು ಸಿಕ್ಕಿತ್ತು. ಅದರ ಹೆಸರು ಡಿನೇರಿಯಸ್. ಅಗಲ ಎರಡು ಸೆಂಟಿಮೀಟರ್‌ಗೂ ಸ್ವಲ್ಪ ಕಡಿಮೆ, ತೂಕ ನಾಲ್ಕು ಗ್ರಾಂ ಒಳಗೆ.

ಇಂಥ ನಾಣ್ಯಕ್ಕೆ ಈಗ ಎಷ್ಟು ಸಿಗಬಹುದು? ಲಕ್ಷ, ಕೋಟಿ ಅನ್ನುವವರೇ ಜಾಸ್ತಿ. ಆದರೆ ಟೈಬೀರಿಯಸ್‌ನ ಡಿನೇರಿಯಸ್ ವಿದೇಶದ ಹರಾಜುಗಳಲ್ಲಿ ಪದೇ ಪದೇ ಬರುತ್ತೆ, ಸಾಧಾರಣ ಸ್ಥಿತಿಯದ್ದು ಕೆಲವು ನೂರು ಡಾಲರ್‌ಗೆ ಮಾರಾಟ ಆಗುತ್ತೆ. ನಾಲ್ಕನೇ ಶತಮಾನದ ಸಣ್ಣ ಕಂಚಿನ ರೋಮನ್ ನಾಣ್ಯಗಳಂತೂ ಹತ್ತಿಪ್ಪತ್ತು ಡಾಲರ್‌ಗೂ ಸಿಗುತ್ತವೆ. ಯಾಕಂದ್ರೆ ರೋಮನ್ನರು ಅವನ್ನು ಲಕ್ಷಗಟ್ಟಲೆ ಹೊಡೆದು ಹಾಕಿದ್ದರು, ಜನ ಮಡಕೆಯಲ್ಲಿ ತುಂಬಿ ಹೂತಿಟ್ಟಿದ್ದರು, ಅವೆಲ್ಲ ಇವತ್ತಿಗೂ ಮೇಲೆ ಬರ್ತಾನೇ ಇವೆ. ಹಳೆಯದಾದ ಮಾತ್ರಕ್ಕೆ ದುಬಾರಿ ಅಲ್ಲ.

ಹಾಗಿದ್ದರೂ ಚಂದ್ರವಳ್ಳಿಯ ಆ ಒಂದು ನಾಣ್ಯಕ್ಕೆ ಬೆಲೆ ಕಟ್ಟೋದು ಕಷ್ಟ. ಅದು ಸಿಕ್ಕಿದ ಮಣ್ಣಿನ ಪದರದಲ್ಲೇ ಶಾತವಾಹನರ ಕಾಲದ ನಾಣ್ಯ, ಮಡಕೆ ಚೂರುಗಳಿದ್ದವು. ಮಡಕೆ ಚೂರಿನ ಮೇಲೆ ಇಸವಿ ಬರೆದಿರಲ್ಲ. ಟೈಬೀರಿಯಸ್ ಆಳಿದ್ದು ಮಾತ್ರ ಕ್ರಿ.ಶ. 14ರಿಂದ 37ರವರೆಗೆ ಅಂತ ಖಚಿತವಾಗಿ ಗೊತ್ತು. ಅಂದಮೇಲೆ ಆ ಪದರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಇದೇ ಆಧಾರ ಹಿಡಿದು, ಪುದುಚೇರಿ ಹತ್ತಿರದ ಅರಿಕಮೇಡುವಿನ ಸಾಕ್ಷ್ಯವನ್ನೂ ಸೇರಿಸಿ, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಪದರಗಳಿಗೂ ವೀಲರ್ ಕಾಲ ನಿಗದಿ ಮಾಡಿದರು. ಅದೇ ನಾಣ್ಯ ಯಾರದೋ ಗುದ್ದಲಿಗೆ ಸಿಕ್ಕಿ ಸಂತೆಯಲ್ಲಿ ಮಾರಿಹೋಗಿದ್ದರೆ ಬರೀ ನಾಲ್ಕು ಗ್ರಾಂ ಬೆಳ್ಳಿ.

ರೋಮನ್ ನಾಣ್ಯ ಸಂಗ್ರಹಿಸುವವರಲ್ಲಿ ತಿಳಿದವರು ಮೊದಲು ಕೇಳೋ ಪ್ರಶ್ನೆಯೂ ಇದೇ: ಇದು ಎಲ್ಲಿಂದ ಬಂತು?

ಬೆಳ್ಳಿ ಇಲ್ಲಿಗೆ ಬಂದಿದ್ದು ಹೇಗೆ

ರೋಮ್‌ನವರಿಗೆ ಮೆಣಸು, ಮುತ್ತು, ಹತ್ತಿ ಬಟ್ಟೆ, ಹರಳು ಬೇಕಿತ್ತು. ಬದಲಿಗೆ ಕೊಡೋಕೆ ಅವರ ಹತ್ತಿರ ವೈನ್, ಗಾಜು ಇದ್ದರೂ ಲೆಕ್ಕ ಸರಿದೂಗಲು ಬೆಳ್ಳಿ, ಚಿನ್ನವನ್ನೇ ಸುರಿಯಬೇಕಾಯ್ತು. ಮುಂಗಾರು ಗಾಳಿ ಹಿಡಿದು ಈಜಿಪ್ಟ್ ಕಡೆಯ ಬಂದರುಗಳಿಂದ ಹಡಗುಗಳು ಮಲಬಾರಿನ ಮುಜಿರಿಸ್‌ಗೆ ಬರುತ್ತಿದ್ದವು. ಭಾರತ ಪ್ರತಿ ವರ್ಷ 5 ಕೋಟಿ ಸೆಸ್ಟರ್ಸ್‌ಗೆ ಕಡಿಮೆ ಇಲ್ಲದಂತೆ ನಮ್ಮ ದುಡ್ಡು ಎಳೆದುಕೊಳ್ಳುತ್ತಿದೆ ಅಂತ ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸ್ ಸೇರಿದರೆ ಒಂದು ಡಿನೇರಿಯಸ್. ಅಂದ್ರೆ ವರ್ಷಕ್ಕೆ ಒಂದೂಕಾಲು ಕೋಟಿ ಡಿನೇರಿಯಸ್ ಆಯ್ತು. ಪ್ಲಿನಿ ಸ್ವಲ್ಪ ಏರಿಸಿ ಹೇಳಿರಬಹುದು, ಆದರೆ ನೆಲ ಅಗೆದಾಗ ಸಿಕ್ಕಿರೋದು ನೋಡಿದರೆ ಪೂರ್ತಿ ಸುಳ್ಳೂ ಅಲ್ಲ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ನಾಣ್ಯ ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇನ್ನೂ 256.

ದಕ್ಷಿಣ ಭಾರತದಲ್ಲಿ ಸಿಗೋ ಬೆಳ್ಳಿ ನಾಣ್ಯಗಳಲ್ಲಿ ಆಗಸ್ಟಸ್, ಟೈಬೀರಿಯಸ್ ಇಬ್ಬರದೇ ಸಿಂಹಪಾಲು. ಇದಕ್ಕೆ ಇತಿಹಾಸಕಾರರು ಕೊಡೋ ಕಾರಣ ಅಂಗಡಿ ಇಟ್ಟವರಿಗೆ ಥಟ್ಟನೆ ಅರ್ಥವಾಗುತ್ತೆ. ಕ್ರಿ.ಶ. 64ರ ಸುಮಾರಿಗೆ ನೀರೋ ಚಕ್ರವರ್ತಿ ಡಿನೇರಿಯಸ್‌ನ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿಬಿಟ್ಟ. ಮೊದಲು ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ನಾಣ್ಯ ಹೊಡೀತಿದ್ದರೆ, ಆಮೇಲೆ 96. ರೋಮ್ ಒಳಗೆ ಚಕ್ರವರ್ತಿಯ ಮುಖಕ್ಕೆ ಮರ್ಯಾದೆ ಇತ್ತು, ಜನ ತಗೊಂಡರು. ನಮ್ಮ ಕಡೆಯ ವ್ಯಾಪಾರಿಗೆ ಆ ಮುಖ ಕಟ್ಟಿಕೊಂಡು ಏನಾಗಬೇಕು? ಅವನು ನೋಡಿದ್ದು ತೂಕ, ಬೆಳ್ಳಿ. ಹಳೇ ನಾಣ್ಯವಿದ್ದರೆ ಕೊಡು, ಹೊಸದು ಬೇಡ ಅಂದುಬಿಟ್ಟ. ಆಮೇಲೆ ಇಲ್ಲಿಗೆ ಬಂದದ್ದರಲ್ಲಿ ಚಿನ್ನವೇ ಹೆಚ್ಚು.

ಹಾವೇರಿ ಜಿಲ್ಲೆ ಹಾನಗಲ್ ತಾಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕ ನಿಧಿಯಲ್ಲಿ ಕೊನೆಗಾಲದ ರೋಮನ್, ಬೈಜಾಂಟೈನ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳಿದ್ದವು. ದಕ್ಷಿಣ ಭಾರತದಲ್ಲಿ ಸಿಗುವ ಇಂಥ ಎಷ್ಟೋ ಚಿನ್ನದ ನಾಣ್ಯಗಳಲ್ಲಿ ರಾಜನ ತಲೆಯ ಮೇಲ್ಭಾಗದಲ್ಲಿ ಜೋಡಿ ತೂತು ಇರುತ್ತೆ. ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳೋಕೆ, ನಮ್ಮ ಕಾಸಿನ ಸರದ ಹಾಗೆ. ಯುರೋಪಿನ ಸಂಗ್ರಹಕಾರ ತೂತಿದ್ದ ನಾಣ್ಯಕ್ಕೆ ಬೆಲೆ ಇಳಿಸ್ತಾನೆ. ನಮ್ಮ ಮಟ್ಟಿಗೆ ಆ ತೂತೇ ಅದರ ಅರ್ಧ ಕಥೆ.

ಅಕ್ಷರ ಓದೋದು ಕಷ್ಟವೇನಲ್ಲ

ರೋಮನ್ ನಾಣ್ಯದ ಒಂದು ಮುಖದಲ್ಲಿ ಚಕ್ರವರ್ತಿಯ ತಲೆ, ಸುತ್ತ ಲ್ಯಾಟಿನ್ ಅಕ್ಷರ. ಇಂಗ್ಲಿಷ್ ದೊಡ್ಡಕ್ಷರ ಓದಬಲ್ಲ ಯಾರಾದ್ರೂ ಓದಬಹುದು. ಎರಡು ವಿಷಯ ತಿಳಿದಿರಬೇಕು ಅಷ್ಟೇ. ಯು ಇರಬೇಕಾದ ಕಡೆ ವಿ ಅಂತ ಕೆತ್ತಿರ್ತಾರೆ. ಜಾಗ ಉಳಿಸೋಕೆ ಪದಗಳನ್ನೆಲ್ಲ ತುಂಡು ಮಾಡಿ, ನಡುವೆ ಜಾಗ ಬಿಡದೆ ಸಾಲಾಗಿ ಜೋಡಿಸಿರ್ತಾರೆ.

ಟೈಬೀರಿಯಸ್‌ನ ನಾಣ್ಯದಲ್ಲಿ ಬರೆದಿರೋದರ ಅರ್ಥ ಇಷ್ಟು: ಟೈಬೀರಿಯಸ್ ಸೀಸರ್, ದೇವರಾದ ಆಗಸ್ಟಸ್‌ನ ಮಗ, ಆಗಸ್ಟಸ್. ಹಿಂದಿನ ಮುಖದಲ್ಲಿ ಕುರ್ಚಿ ಮೇಲೆ ಕೂತ ಹೆಂಗಸು. ಅವಳು ಟೈಬೀರಿಯಸ್‌ನ ತಾಯಿ ಲಿವಿಯಾ ಅಂತ ಬಹಳ ಮಂದಿ ಹೇಳ್ತಾರೆ. ಪಕ್ಕದಲ್ಲಿ 'ಪಾಂಟಿಫ್ ಮ್ಯಾಕ್ಸಿಮ್' ಎಂಬ ಬಿರುದು, ಅಂದ್ರೆ ಪ್ರಧಾನ ಪುರೋಹಿತ. ಸೀಸರನದು ಸೀಸರನಿಗೆ ಕೊಡಿ ಅಂತ ಯೇಸು ಕೈಯಲ್ಲಿ ಹಿಡಿದು ತೋರಿಸಿದ್ದು ಇದೇ ನಾಣ್ಯ ಅನ್ನೋ ನಂಬಿಕೆ ಇರೋದರಿಂದ ಕ್ರೈಸ್ತ ಸಂಗ್ರಹಕಾರರಲ್ಲಿ ಇದಕ್ಕೆ ಬೇಡಿಕೆ ಜಾಸ್ತಿ. ಇಷ್ಟು ಸಾಮಾನ್ಯ ನಾಣ್ಯಕ್ಕೆ ನೂರಾರು ಡಾಲರ್ ಸಿಗೋದು ಅದಕ್ಕೇ.

ಮುಂದಿನ ಚಕ್ರವರ್ತಿಗಳ ಎಷ್ಟೋ ನಾಣ್ಯಗಳಲ್ಲಿ 'ಟಿಆರ್ ಪಿ' ಅಂತ ಬಂದು ಪಕ್ಕದಲ್ಲಿ ರೋಮನ್ ಅಂಕಿ ಇರುತ್ತೆ. ಅದು ಟ್ರಿಬ್ಯೂನ್ ಅಧಿಕಾರ, ವರ್ಷಕ್ಕೊಮ್ಮೆ ನವೀಕರಣ ಆಗೋದು, ನಮ್ಮ ಅಂಗಡಿ ಲೈಸೆನ್ಸ್ ಇದ್ದ ಹಾಗೆ. ಆ ಅಂಕಿ ನೋಡಿದರೆ ನಾಣ್ಯ ಯಾವ ವರ್ಷ ಹೊಡೆದದ್ದು ಅಂತಲೇ ಹೇಳಬಹುದು. ಹೀಗೆ ಹುಡುಕೋಕೆ 'ರೋಮನ್ ಇಂಪೀರಿಯಲ್ ಕಾಯಿನೇಜ್' ಎಂಬ ಗ್ರಂಥಮಾಲೆ ಇದೆ. ಮೊದಲ ಸಂಪುಟ ಬಂದದ್ದು 1923ರಲ್ಲಿ. ಪುಸ್ತಕ ದುಬಾರಿ. ಆದರೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರು ಅದೇ ಕ್ರಮದಲ್ಲಿ 40 ಸಾವಿರಕ್ಕೂ ಹೆಚ್ಚು ಬಗೆಯ ನಾಣ್ಯಗಳನ್ನು 'ಓಕ್ರೆ' ಹೆಸರಿನಲ್ಲಿ ಆನ್‌ಲೈನ್‌ಗೆ ಹಾಕಿದ್ದಾರೆ, ದುಡ್ಡು ಕೊಡಬೇಕಿಲ್ಲ. ಮೊಬೈಲ್‌ನಲ್ಲೇ ನೋಡಬಹುದು.

ಸಂಗ್ರಹದ ಚಟ ಹೊಸದಲ್ಲ. ಹಬ್ಬದ ಉಡುಗೊರೆಯಾಗಿ ಆಗಸ್ಟಸ್ ಚಕ್ರವರ್ತಿಯೇ ಹಳೇ ರಾಜರ, ಹೊರದೇಶದ ನಾಣ್ಯ ಹಂಚುತ್ತಿದ್ದ ಅಂತ ಅವನ ಚರಿತ್ರೆ ಬರೆದ ಸ್ಯುಟೋನಿಯಸ್ ಹೇಳ್ತಾನೆ. ಇದೇ ಸ್ಯುಟೋನಿಯಸ್ ಹನ್ನೆರಡು ಸೀಸರ್‌ಗಳ ಕಥೆ ಬರೆದದ್ದಕ್ಕೆ, ಆ ಹನ್ನೆರಡೂ ಜನರ ನಾಣ್ಯ ಜೋಡಿಸೋದು ಸಂಗ್ರಹಕಾರರಿಗೆ ಇವತ್ತಿಗೂ ಒಂದು ಹಠ. ಕೈಕೊಡೋದು ಹೆಚ್ಚಾಗಿ ಓಥೋ. ಕ್ರಿ.ಶ. 69ರಲ್ಲಿ ಮೂರೇ ತಿಂಗಳು ಆಳಿ ಸತ್ತ ಪುಣ್ಯಾತ್ಮ.

ನಕಲಿಯ ಆಟ

ಅಸಲಿ ನಾಣ್ಯವನ್ನು ಸುತ್ತಿಗೆಯಲ್ಲಿ ಹೊಡೆದು ಮಾಡ್ತಿದ್ದರು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಲೋಹದ ಬಿಲ್ಲೆ, ಮೇಲಿಂದ ಏಟು. ಹಾಗಾಗಿ ಒಂದರ ಹಾಗೆ ಇನ್ನೊಂದು ಇರಲ್ಲ. ಚಿತ್ರ ಒಂದು ಕಡೆ ಸರಿದಿರುತ್ತೆ, ಅಂಚು ಸೀಳಿರುತ್ತೆ. ನಕಲಿಗಳಲ್ಲಿ ಹೆಚ್ಚಿನವು ಎರಕ ಹೊಯ್ದವು. ಅಂಚಿನ ಸುತ್ತ ಅಚ್ಚು ಕೂಡಿದ ಗೆರೆ ಕಾಣುತ್ತೆ ಅಥವಾ ಆ ಗೆರೆ ಉಜ್ಜಿದ ಗುರುತು ಕಾಣುತ್ತೆ. ಭೂತಗನ್ನಡಿ ಹಿಡಿದರೆ ಗುಳ್ಳೆ ಒಡೆದಂಥ ಸಣ್ಣ ಸಣ್ಣ ಕುಳಿ. ಅಕ್ಷರದ ಅಂಚು ಸೋಪು ಕರಗಿದ ಹಾಗೆ ಮೊಂಡು. ಒಂದೇ ಜಾಗದಲ್ಲಿ ಒಂದೇ ಗೀರು ಇರೋ ಎರಡು ನಾಣ್ಯ ಕಂಡರೆ ಅಲ್ಲಿಗೆ ಮುಗೀತು.

ಬೆಳ್ಳಿ ಅಂಗಡಿಯ ಸಣ್ಣ ತಕ್ಕಡಿ ಇದ್ದರೆ ಒಳ್ಳೇ ಸಹಾಯ. ಟೈಬೀರಿಯಸ್ ಡಿನೇರಿಯಸ್ ಐದೂವರೆ ಗ್ರಾಂ ತೂಗಿತು ಅಂದ್ರೆ ಅನುಮಾನ ಪಡಿ. ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯೂ ಅಲ್ಲ, ಕಂಚೂ ಅಲ್ಲ. ಅಂಟಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಒರೆಗಲ್ಲಿಗೆ ಮಾತ್ರ ಉಜ್ಜಬೇಡಿ, ಅಸಲಿಯಾಗಿದ್ದರೆ ನೀವೇ ಕೆಡಿಸಿದ ಹಾಗೆ.

ಎಲ್ಲ ನಕಲಿಯೂ ಇಷ್ಟು ಸುಲಭಕ್ಕೆ ಸಿಕ್ಕಿಬೀಳಲ್ಲ. 1830ರಲ್ಲಿ ತೀರಿಕೊಂಡ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ ಎಂಬ ಕುಶಲಕರ್ಮಿ ಅಚ್ಚನ್ನೇ ಕೈಯಲ್ಲಿ ಕೆತ್ತಿ, ಹಳೇ ಪದ್ಧತಿಯಂತೆ ನಾಣ್ಯ ಹೊಡೀತಿದ್ದ. ಹೊಸ ಹೊಳಪು ಹೋಗಲಿ ಅಂತ ಅವನ್ನು ಕಬ್ಬಿಣದ ಪುಡಿ, ಜಿಡ್ಡಿನ ಜೊತೆ ಪೆಟ್ಟಿಗೆಗೆ ಹಾಕಿ ಗಾಡಿಗೆ ಕಟ್ಟಿ ಊರೆಲ್ಲ ಸುತ್ತಿಸುತ್ತಿದ್ದನಂತೆ. ದೊಡ್ಡ ದೊಡ್ಡ ಪಂಡಿತರೇ ಮೋಸಹೋದರು. ಈಗ ಬೆಕರ್ ಮಾಡಿದ ನಕಲಿಗೇ ಬೇರೆ ಸಂಗ್ರಹಕಾರರಿದ್ದಾರೆ, ಅದು ಬೇರೆ ಮಾತು.

ಹೀಗಿರುವಾಗ ನೂರು ಇನ್ನೂರು ರೂಪಾಯಿಗೆ 'ರೋಮನ್ ಬೆಳ್ಳಿ ನಾಣ್ಯ' ಕೊಡ್ತೀವಿ ಅನ್ನೋ ಮೊಬೈಲ್ ಜಾಹೀರಾತಿನಲ್ಲಿ ಏನಿರುತ್ತೆ ಅಂತ ಲೆಕ್ಕ ಹಾಕಿಕೊಳ್ಳಬಹುದು. ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುವವರದು ಇನ್ನೊಂದು ದಂಧೆ. ಕೊಳ್ಳುವವನು ಮಾರುವವನ ಹತ್ತಿರ ಮುಂಗಡ ಕೇಳೋದು ಯಾವ ವ್ಯಾಪಾರದಲ್ಲಿದೆ?

ಕಾಗದ ಇಲ್ಲದಿದ್ದರೆ ಕೋಟಿಯೂ ಇಲ್ಲ

2020ರಲ್ಲಿ ಲಂಡನ್ನಿನ ಒಂದು ಹರಾಜಿನಲ್ಲಿ ಒಂದು ಚಿನ್ನದ ನಾಣ್ಯ ಸುಮಾರು 32 ಲಕ್ಷ ಪೌಂಡ್‌ಗೆ ಹೋಯ್ತು. ಜೂಲಿಯಸ್ ಸೀಸರನನ್ನು ಕೊಂದ ಬ್ರೂಟಸ್ ಹೊಡೆಸಿದ್ದು. ಚಕ್ರವರ್ತಿಗಳ ಕಾಲಕ್ಕಿಂತ ಸ್ವಲ್ಪ ಹಿಂದಿನದು. ಅದರ ಹಿಂದಿನ ಒಡೆಯರ ಬಗ್ಗೆ ತೋರಿಸಿದ ಕಾಗದಪತ್ರ ಸುಳ್ಳು ಅಂತ ಆಮೇಲೆ ಗೊತ್ತಾಯ್ತು. 2023ರಲ್ಲಿ ನಾಣ್ಯವನ್ನು ಗ್ರೀಸ್‌ಗೆ ವಾಪಸ್ ಕೊಡಲಾಯ್ತು. ನಾಣ್ಯ ನಕಲಿ ಅಂತ ಯಾರೂ ಹೇಳಲಿಲ್ಲ. ಎಲ್ಲಿಂದ ಬಂತು ಅನ್ನೋದಕ್ಕೆ ಕೊಟ್ಟ ಉತ್ತರ ಮಾತ್ರ ನಕಲಿ.

ಇದಕ್ಕೆ ತದ್ವಿರುದ್ಧವಾದದ್ದು ಇಂಗ್ಲೆಂಡಿನ ಹಾಕ್ಸ್‌ನ್ ಊರಿನ ಕಥೆ. 1992ರ ನವೆಂಬರಿನಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯ್ತು. ನಿವೃತ್ತ ತೋಟಗಾರನಾಗಿದ್ದ ಗೆಳೆಯ ಲೋಹಶೋಧಕ ಹಿಡಿದು ಹುಡುಕಲು ಹೋದ. ಸಿಕ್ಕಿದ್ದು ರೋಮನ್ ಚಿನ್ನ, ಬೆಳ್ಳಿ. ಒಂದಿಷ್ಟು ಮೇಲೆ ತೆಗೆದವನೇ ಅಗೆಯೋದು ನಿಲ್ಲಿಸಿ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಮರುದಿನವೇ ಪುರಾತತ್ವದವರು ಬಂದು ಪದರ ಪದರವಾಗಿ ಬಿಡಿಸಿದರು. ಹತ್ತಿರ ಹತ್ತಿರ 15 ಸಾವಿರ ನಾಣ್ಯ, ಜೊತೆಗೆ ಒಡವೆ, ಬೆಳ್ಳಿ ಚಮಚ. ಅವನ್ನು ಮರದ ಪೆಟ್ಟಿಗೆಯೊಳಗೆ ಹೇಗೆ ಜೋಡಿಸಿಟ್ಟಿದ್ದರು ಅನ್ನೋದೂ ತಿಳಿಯಿತು. ಸಿಕ್ಕಿದವನಿಗೆ ಸರ್ಕಾರ ಕೊಟ್ಟ ಬಹುಮಾನ 17.5 ಲಕ್ಷ ಪೌಂಡ್, ಅದನ್ನು ಅವನು ರೈತನ ಜೊತೆ ಹಂಚಿಕೊಂಡ. ಕಳೆದ ಸುತ್ತಿಗೆಯೂ ಸಿಕ್ಕಿ, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಮ್ಮಲ್ಲಿ ಕಾನೂನು ಬೇರೆ. ನೆಲದಲ್ಲಿ ಹುದುಗಿದ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆ ಇದೆ. ಇದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಅನ್ವಯ ಆಗುತ್ತೆ. 1972ರ ಪುರಾವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾವಸ್ತು. ಅದರ ವ್ಯಾಪಾರ ಮಾಡೋಕೆ ಪರವಾನಗಿ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಕೊರಿಯರ್‌ನಲ್ಲಿ ಒಂದೇ ಒಂದು ಕಳಿಸಿದರೂ ತಪ್ಪೇ. ಅದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಜೈಲು.

ಪಾಯ ತೆಗೆಯುವಾಗ, ಬೋರ್‌ವೆಲ್ ಪೈಪ್‌ಲೈನಿಗೆ ಕಾಲುವೆ ಹೊಡೆಯುವಾಗ ಹಳೇ ನಾಣ್ಯ ಕಂಡರೆ ಅಲ್ಲಿಗೇ ಜೆಸಿಬಿ ನಿಲ್ಲಿಸಿ. ಇದ್ದ ಜಾಗದಲ್ಲೇ ಫೋಟೋ ತೆಗೆದು ತಹಶೀಲ್ದಾರ್ ಕಚೇರಿಗೋ ಪೊಲೀಸ್ ಠಾಣೆಗೋ ತಿಳಿಸಿ. ಮಡಕೆ ಇದ್ದರೆ ಮಡಕೆ ಚೂರನ್ನೂ ಬಿಸಾಡಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ತಿಕ್ಕೋ ಪುಡಿ ಯಾವುದೂ ಹತ್ತಿರ ಬರಬಾರದು. ಹೊಳಪು ಬರುತ್ತೆ ನಿಜ, ಆದರೆ ಮೇಲಿನ ಕಾವು ಹೋಗಿ ಅಕ್ಷರವೂ ಸವೆಯುತ್ತೆ.

ಅಜ್ಜನ ಪೆಟ್ಟಿಗೆಯಲ್ಲಿ ಮೊದಲಿಂದ ಇರೋ ನಾಣ್ಯದ್ದು ಬೇರೆ ವಿಷಯ. ಅದನ್ನು ಪ್ಲಾಸ್ಟಿಕ್ ಕವರ್‌ನಿಂದ ತೆಗೆದು ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಡಿ. ಲಕೋಟೆ ಮೇಲೆ ತೂಕ, ಯಾರಿಂದ ಬಂತು, ಯಾವ ಊರಿನದು, ಯಾವಾಗ ಅಂತ ಮನೆಯ ಹಿರಿಯರನ್ನು ಕೇಳಿ ಪೆನ್ಸಿಲ್‌ನಲ್ಲಿ ಬರೆಯಿರಿ. ಹಿರಿಯರು ಇರುವಾಗಲೇ ಕೇಳಿ.