ಮೂಕವಾದ ಹಾಡಿನ ಪೆಟ್ಟಿಗೆ

ರೋಣವೆಂದೊಡನೆ ಸಂಗೀತಪ್ರಿಯರಿಗೆ ಪಂಡಿತ ಭೀಮಸೇನ ಜೋಶಿಯವರ ಸ್ಮರಣೆಯಾಗುವದು ಸಹಜವೇ ಆಗಿದೆ. ೧೯೨೨ನೆಯ ಇಸವಿಯಲ್ಲಿ ಅವರು ಜನಿಸಿದುದು ಈ ಊರಿನಲ್ಲಿಯೇ. ಬಾಲ್ಯದಲ್ಲಿ ಅವರು ಅಬ್ದುಲ್ ಕರೀಮ್ ಖಾನ ಸಾಹೇಬರ ಝಿಂಝೋಟಿ ರಾಗದ ಠುಮರಿಯೊಂದನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದರು; ಆ ಧ್ವನಿಯ ಬೆನ್ನು ಹತ್ತಿ, ೧೯೩೩ರಲ್ಲಿ, ಇನ್ನೂ ಹನ್ನೊಂದು ವರ್ಷದ ಹುಡುಗನಾಗಿರುವಾಗಲೇ, ಗುರುವನ್ನು ಅರಸುತ್ತ ಮನೆಬಿಟ್ಟು ಹೊರಟರು. ಮೂರು ನಾಲ್ಕು ನಿಮಿಷಗಳಷ್ಟೇ ನುಡಿಯಬಲ್ಲ ಒಂದು ಅರಗಿನ ತಟ್ಟೆಯು ಇಷ್ಟು ಕೆಲಸವನ್ನು ಮಾಡಿತು.

ಆ ತಟ್ಟೆಗಳು ಈಗ ಅಟ್ಟವನ್ನೇರಿವೆ. ರೋಣ, ನರಗುಂದ, ಗಜೇಂದ್ರಗಡಗಳ ಅನೇಕ ಮನೆಗಳಲ್ಲಿ ಗಣಕಯಂತ್ರವೇ ಹಾಡಿನ ಪೆಟ್ಟಿಗೆಯಾಗಿದೆ. ಗೃಹಸ್ಥರ ಬಾಯಲ್ಲಿ ಆಗಾಗ ಕೇಳಿಬರುವ ದೂರು ಒಂದೇ: ಪರದೆಯ ಮೇಲೆ ಗೆರೆಯು ಮುಂದಕ್ಕೆ ಸಾಗುವದು, ನಿಮಿಷದ ಅಂಕೆಗಳು ಓಡುವವು, ಧ್ವನಿಯೊಂದು ಮಾತ್ರ ಇಲ್ಲ! ಗ್ರಾಮಫೋನಿನಲ್ಲಿ ಮುಳ್ಳು ಸವೆದುದಾಗಲಿ ಸ್ಪ್ರಿಂಗು ಮುರಿದುದಾಗಲಿ ಕಣ್ಣಿಗೆ ಕಾಣುತ್ತಿದ್ದಿತು. ಗಣಕಯಂತ್ರದಲ್ಲಿ ಧ್ವನಿಯೆಂಬುದು ಕೇವಲ ಅಂಕೆಗಳ ಸಾಲು, ಸಿ.ಡಿ. ತಟ್ಟೆಯ ಪ್ರಮಾಣದಂತೆ ಒಂದು ಸೆಕೆಂಡಿನ ಧ್ವನಿಗೆ ಪ್ರತಿ ಪಕ್ಕಕ್ಕೂ ೪೪,೧೦೦ ಅಂಕೆಗಳು ಬೇಕು. ದೋಷವು ಕಣ್ಣಿಗೆ ಕಾಣದ್ದರಿಂದ ಅವಸರದ ಜನರು “ಹಾಡೇ ಕೆಟ್ಟಿತು” ಎಂದು ತೀರ್ಮಾನಿಸಿ ಕಡತವನ್ನು ಅಳಿಸಿಬಿಡುತ್ತಾರೆ. ಪೇಟೆಯಲ್ಲಿ ಸಿಕ್ಕುವ ಹಾಡಾದರೆ ಹೋಗಲಿ. ಮನೆಯ ಹಿರಿಯರ ಧ್ವನಿಯಾಗಿದ್ದರೆ ಅದನ್ನು ಯಾವ ಅಂಗಡಿಯಿಂದ ತರಬೇಕು?

ಭರ್ತೃಹರಿಯು ವಾಕ್ಯಪದೀಯದಲ್ಲಿ ವಾಕ್ಕಿಗೆ ಪಶ್ಯಂತೀ, ಮಧ್ಯಮಾ, ವೈಖರೀ ಎಂದು ಮೂರು ಅವಸ್ಥೆಗಳನ್ನು ಹೇಳಿರುವನು. ನಮ್ಮ ಕಿವಿಗೆ ಬೀಳುವದು ಕೊನೆಯದಾದ ವೈಖರಿಯು ಮಾತ್ರ. ಯಂತ್ರಕ್ಕೆ ಈ ಮಾತನ್ನು ಹೊಂದಿಸುವದು ಸ್ವಲ್ಪ ಧಾರ್ಷ್ಟ್ಯವೇ ಸರಿ, ಆದರೂ ಉಪಯೋಗವುಂಟು. ಕಡತದಲ್ಲಿ ಹಾಡು ಅಂಕೆಯ ರೂಪದಿಂದ ಸುಪ್ತವಾಗಿರುವದು. ಹಾಡಿಸುವ ಪ್ರೋಗ್ರಾಮು ಅದನ್ನು ಬಿಡಿಸಿ ಯಂತ್ರದ ವ್ಯವಸ್ಥೆಗೆ ಒಪ್ಪಿಸುವದು. ತಂತಿಯ ಮೂಲಕ ಸ್ಪೀಕರಿಗೆ ಬಂದಮೇಲೆಯೇ ಅದು ಹೊರಗೆ ನುಡಿಯುವದು. ವೈಖರಿಯು ಕೇಳಿಸದಿದ್ದ ಮಾತ್ರಕ್ಕೆ ಮೂಲವೇ ಇಲ್ಲವೆನ್ನಲಾಗದು. ದಾರಿಯಲ್ಲಿ ಎಲ್ಲಿ ತಡೆಯಾಗಿದೆ ಎಂಬುದನ್ನು ನೋಡತಕ್ಕದ್ದು.

ಇದಕ್ಕೆ ತರ್ಕಶಾಸ್ತ್ರದ ಅನ್ವಯ-ವ್ಯತಿರೇಕಗಳೇ ಸಾಕು. ಅದೇ ಪ್ರೋಗ್ರಾಮಿನಲ್ಲಿ ಬೇರೊಂದು ಹಾಡನ್ನು ಹಚ್ಚಿರಿ; ಬಳಿಕ ಅದೇ ಹಾಡನ್ನು ಬೇರೊಂದು ಪ್ರೋಗ್ರಾಮಿನಲ್ಲಿ ಹಚ್ಚಿರಿ. ಒಂದು ಪ್ರೋಗ್ರಾಮಿನಲ್ಲಿ ನುಡಿದುದು ಇನ್ನೊಂದರಲ್ಲಿ ನುಡಿಯದಿದ್ದರೆ ಕಡತವು ನಿರ್ದೋಷಿ. ಆ ಪ್ರೋಗ್ರಾಮಿಗೆ ಆ ಬಗೆಯ ಕಡತವನ್ನು ಬಿಡಿಸಲು ಬಾರದೆ ಇರಬಹುದು. ಬಹುವಿಧದ ಕಡತಗಳನ್ನು ಬಲ್ಲ ವಿ.ಎಲ್.ಸಿ. ಎಂಬ ಪ್ರೋಗ್ರಾಮನ್ನು ಪರೀಕ್ಷೆಗೆಂದು ಇಟ್ಟುಕೊಳ್ಳುವದು ಒಳ್ಳೆಯದು. ಅಥವಾ ಆ ಪ್ರೋಗ್ರಾಮಿನ ಬಾಯಿಯನ್ನು ಮಾತ್ರವೇ ಯಾರೋ ಮುಚ್ಚಿರಬಹುದು. ವಿಂಡೋಸ್ ವ್ಯವಸ್ಥೆಯಲ್ಲಿ ಪ್ರತಿ ಪ್ರೋಗ್ರಾಮಿಗೂ ಪ್ರತ್ಯೇಕವಾದ ಧ್ವನಿಮಟ್ಟವುಂಟೆಂಬುದು ಅನೇಕರಿಗೆ ತಿಳಿಯದು. ಪರದೆಯ ಕೆಳಗಿನ ಬಲಮೂಲೆಯ ಸ್ಪೀಕರಿನ ಚಿತ್ರದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದರೆ ‘ವಾಲ್ಯೂಮ್ ಮಿಕ್ಸರ್’ ಎಂಬುದು ದೊರೆಯುವದು; ಅಲ್ಲಿ ಎಲ್ಲವೂ ಕಾಣುವದು.

ಯಾವ ಹಾಡೂ ಯಾವ ಪ್ರೋಗ್ರಾಮಿನಲ್ಲಿಯೂ ನುಡಿಯದಿದ್ದರೆ ದೋಷವು ಇನ್ನೂ ಹೊರಗಿದೆ. ಹೊಸ ಪರದೆಯನ್ನು ಎಚ್.ಡಿ.ಎಂ.ಐ. ತಂತಿಯಿಂದ ಜೋಡಿಸಿದಾಗ ಯಂತ್ರವು ಧ್ವನಿಯನ್ನೂ ಆ ಪರದೆಗೇ ಕಳುಹಿಸತೊಡಗುವದುಂಟು. ಪರದೆಗೆ ಸ್ಪೀಕರೇ ಇಲ್ಲದಿದ್ದರೆ ಹಾಡು ಗೋಡೆಗೆ ಹೇಳಿದಂತೆ! ಮಗನ ಬ್ಲೂಟೂತ್ ಕಿವಿಯಂತ್ರವು ಜೋಡಣೆಯಲ್ಲಿಯೇ ಉಳಿದಿದ್ದರೂ ಇದೇ ಗತಿ. ಅದೇ ಮೂಲೆಯಲ್ಲಿ ಧ್ವನಿಯು ಹೋಗತಕ್ಕ ಸಾಧನವನ್ನು ಆರಿಸಬೇಕು. ಪೆಟ್ಟಿಗೆಯ ಹಿಂದಿನ ರಂಧ್ರಗಳಲ್ಲಿ ಸಾಮಾನ್ಯವಾಗಿ ಹಸಿರು ಬಣ್ಣದ್ದು ಸ್ಪೀಕರಿನದು, ಗುಲಾಬಿ ಬಣ್ಣದ್ದು ಮೈಕಿನದು. ಮನೆ ಗುಡಿಸುವಾಗ ಕಿತ್ತ ತಂತಿಯು ಗುಲಾಬಿಯಲ್ಲಿ ಹೊಕ್ಕಿರುವದು ಅಪರೂಪವೇನಲ್ಲ. ಸ್ಪೀಕರಿನ ಸ್ವಂತ ವಿದ್ಯುತ್ತು ಮತ್ತು ತಿರುಗುಣಿಯ ಮಾತನ್ನು ಹೇಳಲು ಸಂಕೋಚವಾಗುವದು, ಆದರೂ ನೋಡಿರಿ.

ಇವೆಲ್ಲಕ್ಕಿಂತ ಮೋಸಗಾರವಾದ ದೋಷವೊಂದಿದೆ. ಗಜೇಂದ್ರಗಡದ ನೇಕಾರರ ಮನೆಯೊಂದರಲ್ಲಿ, ಗತಿಸಿದ ಅಜ್ಜಿಯ ಬೀಸುಕಲ್ಲಿನ ಪದಗಳನ್ನು ಹಳೆಯ ಕ್ಯಾಸೆಟ್ಟಿನಿಂದ ಗಣಕಯಂತ್ರಕ್ಕೆ ಇಳಿಸಿ ಇಟ್ಟಿದ್ದರು. ಒಂದು ದಿನ ಹೆಡ್‌ಫೋನ್ ಹಾಕಿಕೊಂಡು ಕೇಳಹೋದರೆ ಅಜ್ಜಿಯ ಪದಗಳೆಲ್ಲ ಮೌನ. ಹೊಸ ಸಿನೇಮಾ ಹಾಡುಗಳು ಮಾತ್ರ ನುಡಿಯುತ್ತಿದ್ದವು. ಕಡತಗಳೇ ಹಾಳಾದವೆಂದು ಮೊಮ್ಮಗನು ಅಳಿಸಲು ಸಿದ್ಧನಾಗಿದ್ದನು. ಆದರೆ ಆ ಹೊಸ ಹಾಡುಗಳನ್ನು ಕಿವಿಗೊಟ್ಟು ಕೇಳಿದಾಗ ವಾದ್ಯಗಳು ಪೊಳ್ಳಾಗಿ ಕೇಳಿಸುತ್ತಿದ್ದವು, ಗಾಯಕನ ಧ್ವನಿಯು ಎಲ್ಲಿಯೋ ದೂರದಲ್ಲಿ ಅಡಗಿದ್ದಿತು. ಇಲ್ಲಿಯೇ ರಹಸ್ಯ.

ಹೆಡ್‌ಫೋನಿನ ಮೊಳೆಯನ್ನು ನೋಡಿದರೆ ಕಪ್ಪು ಗೆರೆಗಳಿಂದ ಬೇರ್ಪಟ್ಟ ಲೋಹದ ಭಾಗಗಳು ಕಾಣುವವು. ತುದಿಯು ಎಡಗಿವಿಗೆ, ಅದರ ಹಿಂದಿನದು ಬಲಗಿವಿಗೆ. ಇನ್ನೊಂದು ಎರಡಕ್ಕೂ ಸಮಾನವಾದ ಮರಳುವ ದಾರಿ. ಮೊಳೆಯು ಪೂರ್ತಿ ಒಳಹೋಗದೆ ಈ ಮರಳುವ ದಾರಿಯು ಕಡಿದರೆ, ಎಡಬಲಗಳಿಗೆ ಸಮಾನವಾದ ಧ್ವನಿಯು ಒಂದನ್ನೊಂದು ತಿಂದುಹಾಕಿ, ಅವುಗಳ ವ್ಯತ್ಯಾಸವಷ್ಟೇ ಕೇಳಿಸುವದು. ಹೊಸ ಹಾಡಿನಲ್ಲಿ ಗಾಯಕನನ್ನು ಸಾಮಾನ್ಯವಾಗಿ ನಡುವೆ ನಿಲ್ಲಿಸಿ ವಾದ್ಯಗಳನ್ನು ಎಡಬಲಗಳಿಗೆ ಹಂಚಿರುತ್ತಾರೆ. ಆದುದರಿಂದ ಗಾಯಕನು ಮಾಯವಾಗಿ ವಾದ್ಯಗಳು ಉಳಿಯುವವು. ಅಜ್ಜಿಯ ಪದವೋ ಒಂದೇ ಮೈಕಿನ ಮುಂದೆ ಹಾಡಿದ್ದು, ಎಡದಲ್ಲಿದ್ದುದೇ ಬಲದಲ್ಲಿಯೂ. ವ್ಯತ್ಯಾಸವು ಶೂನ್ಯ, ಧ್ವನಿಯೂ ಶೂನ್ಯ! ಗ್ರಾಮಫೋನ್ ಕಾಲದ ಏಕಮುಖ ಧ್ವನಿಮುದ್ರಿಕೆಗಳ ಪಾಡೂ ಇದೇ. ನಮ್ಮ ಎರೆಭೂಮಿಯ ಧೂಳು ರಂಧ್ರದಲ್ಲಿ ಕುಳಿತು ಮೊಳೆಯನ್ನು ಒಳಬಿಟ್ಟಿರಲಿಲ್ಲ. ಒಣಗಿದ ಮೆದುಕುಂಚದಿಂದ ಧೂಳನ್ನು ತೆಗೆದು ಮೊಳೆಯನ್ನು ಟಕ್ಕೆನ್ನುವವರೆಗೆ ಒತ್ತಿದೊಡನೆ ಅಜ್ಜಿಯು ಹಾಡತೊಡಗಿದಳು. ಮನೆಯವರು ಮಗ್ಗ ನಿಲ್ಲಿಸಿ ಬಂದು ನಿಂತರು.

ಇಷ್ಟಾಗಿಯೂ ಪೆಟ್ಟಿಗೆಯು ಮೂಕವಾಗಿಯೇ ಉಳಿದರೆ ‘ಡ್ರೈವರ್’ ಎಂಬ, ವ್ಯವಸ್ಥೆಗೂ ಧ್ವನಿಯಂತ್ರಕ್ಕೂ ನಡುವಿನ ದುಭಾಷಿಯನ್ನು ಹೊಸದಾಗಿ ಸ್ಥಾಪಿಸಬೇಕಾಗುವದು. ಅದನ್ನು ಬಲ್ಲವರಿಗೆ ಬಿಡುವದೇ ಲೇಸು. ರಿಪೇರಿಯವನು ಕೆಲವೊಮ್ಮೆ ಯಂತ್ರವನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟುವದುಂಟು. ಆದುದರಿಂದ ಪೆಟ್ಟಿಗೆಯು ಮನೆಯ ಹೊಸ್ತಿಲು ದಾಟುವ ಮುನ್ನ ಹಿರಿಯರ ಧ್ವನಿಯ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಅದನ್ನು ಇನ್ನೊಂದು ಯಂತ್ರದಲ್ಲಿ ಹಚ್ಚಿ, ಕಿವಿಯಾರೆ ಕೇಳಿ, ಬೀರುವಿನಲ್ಲಿ ಇಟ್ಟುಕೊಳ್ಳಿರಿ.