ಏರಿನಲ್ಲಿ ಲಾರಿ ನಿಂತರೆ



ಸೇನೆಯ ಹರಾಜಿನಿಂದ ಬಂದ ಹಳೆಯ ಶಕ್ತಿಮಾನ್ ಲಾರಿ ನಿಮ್ಮಲ್ಲಿದೆಯೇ? 1959ರಿಂದ ಜಬಲ್ಪುರದಲ್ಲಿ ತಯಾರಾದ ಈ ಗಾಡಿ ಸಕಲೇಶಪುರದ ತೋಟದ ಏರಿನಲ್ಲೋ ಶಿರಾಡಿ ಘಾಟಿಯಲ್ಲೋ ಎಳೆಯದೆ ನಿಂತರೆ, ಒಡನೆ ಡೀಸೆಲ್ ಪಂಪನ್ನು ಬಿಚ್ಚಿಸಬೇಡಿ. ದೋಷ ಹಲವು ವೇಳೆ ಪಂಪಿಗಿಂತ ಹಿಂದೆಯೇ ಇರುತ್ತದೆ.

ಮೊದಲು ಬ್ರೇಕು ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳಕ್ಕೆಳೆದ ಸದ್ದಾದರೆ ಅದರ ಗಾಳಿಕಂಡಿ ಕಟ್ಟಿದೆ. ಅನಂತರ ಫಿಲ್ಟರಿನ ಮೇಲೆ ಗಾಳಿ ಬಿಡುವ ತಿರುಪನ್ನು ಸಡಿಲಿಸಿ ಕೈಪಂಪು ಒತ್ತಿರಿ. ನಿಲ್ಲದೆ ಗುಳ್ಳೆ ಬಂದರೆ ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರುತ್ತಿದೆ, ವಾಷರ್ ನೋಡಿ. ಗುಳ್ಳೆಯಿಲ್ಲದೆ ಸಣ್ಣ ಧಾರೆ ಬಂದರೆ ಫಿಲ್ಟರ್ ಅಥವಾ ಕೊಳವೆ ಕಟ್ಟಿದೆ. ಡೀಸೆಲ್ ಧಾರಾಳವಾಗಿ ಬಂದೂ ಎಂಜಿನ್ ಹೊರಡದಿದ್ದರೆ ಮಾತ್ರ ಪಂಪಿನ ಮೇಸ್ತ್ರಿಯನ್ನು ಕರೆಯಿರಿ.

ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ನೀರು ಹನಿಗಟ್ಟುತ್ತದೆ. ಸಂಜೆಯೇ ತುಂಬಿಸಿಡಿ.